63 ಕೆವಿಎ ಟಿಸಿ ಎರಡು ಸಲ ಸುಟ್ಟಿದ್ದಕ್ಕೆ ಉತ್ತರ: 100 ಕೇಳುವ ಮೊದಲು ಆಂಪ್ ಲೆಕ್ಕ ಹಾಕಿ

ಅಣ್ಣಾ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದ್ದೆ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಅಂತ ಈಗ ಹಾಲು ಕರೆದು ಕೂತು ಬರೆಯುತ್ತಿದ್ದೇನೆ. ನೀವು ಹೇಳಿದ್ದು ಇಷ್ಟು. 63 ಕೆವಿಎ ತಾಕತ್ತಿನ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, 14 ಮೋಟಾರು. ಸಂಕ್ರಾಂತಿ ಆದಮೇಲೆ ಎರಡು ಸಲ ಸುಟ್ಟಿದೆ. ನಿಮ್ಮ ಬೋರು ಲೈನಿನ ಕೊನೆಗೆ, ಟಿಸಿಯಿಂದ ಸುಮಾರು 900 ಮೀಟರ್ ದೂರ. ಅಲ್ಲಿ ವೋಲ್ಟೇಜು 340 ದಾಟಲ್ಲ. ಕರೆಂಟು ಕಂಪನಿಯವರು ಇನ್ನೊಂದು ಟಿಸಿಗೆ ಜಾಗ ತೋರಿಸಿ ಅಂದಿದ್ದಾರೆ. ನಿಮ್ಮ ತಮ್ಮ ಮನೆ ಪಕ್ಕದ ಮೂಲೆ ಕೊಡೋಣ ಅಂತಾರೆ. ಇಲ್ಲಿ ಮೂರ್ನಾಲ್ಕು ಜನ ಜಾಗದ ತಾಪತ್ರಯವೇ ಬೇಡ, ಇರುವುದನ್ನೇ 100 ಕೆವಿಎ ಮಾಡಿಸಿ ಅಂದಿದ್ದಾರೆ.

ನನ್ನ ಮಾತು ಬೇರೆ. 100 ಬೇಡ. ಇನ್ನೊಂದು 63 ಕೇಳಿ, ಅದನ್ನು ಕೊನೆಯ ಮೋಟಾರುಗಳ ನಡುವೆ ಕೂರಿಸಿ. ಮನೆ ಪಕ್ಕ ಬೇಡವೇ ಬೇಡ.

ನಾನು ಇಂಜಿನಿಯರ್ ಅಲ್ಲ. ತಿಪಟೂರು ಕಡೆ 12 ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದೆ, ಈಗ ತೆಂಗು, ಅಡಿಕೆ ನೋಡಿಕೊಂಡಿದ್ದೇನೆ. ಯಾವ ಊರಿನ ಟಿಸಿ ಕೆಟ್ಟಿದೆ ಅಂತ ನನಗೆ ಮೊದಲೇ ಗೊತ್ತಾಗುತ್ತಿತ್ತು. ಆ ಊರಿನಿಂದ ಒಂದೇ ವಾರದಲ್ಲಿ ಐದಾರು ಮೋಟಾರು ಬಂದು ಅಂಗಡಿ ಮುಂದೆ ಮಲಗಿರುತ್ತಿದ್ದವು.

ಮೊದಲು ಲೋಡು ನೋಡೋಣ. 63 ಕೆವಿಎ ಟಿಸಿ ಎಲ್‌ಟಿ ಕಡೆ (ಮೋಟಾರಿಗೆ ಹೋಗುವ ಕಡಿಮೆ ವೋಲ್ಟೇಜಿನ ಕಡೆ) ಫೇಸಿಗೆ 84 ಆಂಪ್ ಕೊಡುತ್ತದೆ. 25 ಕೆವಿಎ ಆದರೆ 33, 100 ಕೆವಿಎ ಆದರೆ 133. ನೀವೇ ಬರೆದ ಪ್ರಕಾರ 5 ಎಚ್‌ಪಿ ನಾಲ್ಕು, ಏಳೂವರೆ ಏಳು, 10 ಎಚ್‌ಪಿ ಮೂರು. ಸಬ್‌ಮರ್ಸಿಬಲ್‌ಗೆ 9, 13, 18 ಆಂಪ್ ಅಂತ ಹಿಡಿಯಿರಿ. ಕೂಡಿದರೆ 181. ಈಗ ಕಾಗದದ ಲೆಕ್ಕ. ಆರ್‌ಆರ್ ನಂಬರ್, ಅಂದರೆ ಕಂಪನಿ ಕೊಟ್ಟ ಸಂಪರ್ಕದ ನಂಬರ್, ಇರುವುದು 9 ಮೋಟಾರಿಗೆ, ಎಲ್ಲವೂ 5 ಎಚ್‌ಪಿ ಅಂತ. ಒಂಬತ್ತೊಂಬತ್ತಲೇ 81. ಅಂದರೆ ಆಫೀಸಿನ ಫೈಲಿನಲ್ಲಿ ನಿಮ್ಮ ಟಿಸಿ ಸುಖವಾಗಿದೆ. ಹೊಲದಲ್ಲಿ ಎರಡು ಪಟ್ಟು ಹೊತ್ತುಕೊಂಡು ನಿಂತಿದೆ.

ಪೇಟೆಯಲ್ಲಾದರೆ ಎಲ್ಲರ ಮನೆ ಮಿಕ್ಸಿ ಒಂದೇ ಹೊತ್ತಿಗೆ ತಿರುಗಲ್ಲ. ನಮಗೆ ತ್ರೀ ಫೇಸ್ ಕೊಡುವುದೇ ದಿನಕ್ಕೆ 7 ಗಂಟೆ. ಕರೆಂಟು ಬಂದ ತಕ್ಷಣ 14 ಆಟೋ ಸ್ಟಾರ್ಟರೂ ಒಟ್ಟಿಗೆ ಟಕ್ ಅನ್ನುತ್ತವೆ. ಶುರುವಾಗುವಾಗ ಒಂದೊಂದು ಮೋಟಾರೂ ಐದಾರು ಪಟ್ಟು ಆಂಪ್ ಎಳೆಯುತ್ತದೆ. ದಿನಾ ಬೀಳುವ ಮೊದಲ ಪೆಟ್ಟು ಇದು. ಆಟೋ ಪ್ಯಾನೆಲ್‌ನಲ್ಲಿ ಟೈಮರ್ ಇರುತ್ತದೆ. ಒಬ್ಬರದು 1 ನಿಮಿಷ, ಮುಂದಿನವರದು 2, ಹೀಗೆ ಬೇರೆ ಬೇರೆ ಮಾಡಿಕೊಳ್ಳಿ. ಖರ್ಚಿಲ್ಲ. ಊರಿನವರು ಒಪ್ಪಬೇಕು ಅಷ್ಟೇ. (ಅದೇ ಕಷ್ಟ ಅಂತೀರಾ? ಗೊತ್ತು.)

ಕೆಪಾಸಿಟರ್ ಹಾಕಿಸಿ. 5 ಎಚ್‌ಪಿಗೆ 2 ಕೆವಿಎಆರ್ (ಕೆಪಾಸಿಟರಿನ ಅಳತೆ), ಏಳೂವರೆಗೆ 3, ಹತ್ತಕ್ಕೆ 4. ಆಂಪ್ ನೂರಕ್ಕೆ ಹದಿನೈದರಷ್ಟು ಇಳಿಯುತ್ತದೆ. 181 ಇದ್ದದ್ದು 154ರ ಹತ್ತಿರ ಬರುತ್ತದೆ. ಎರಡು 63ರ ಟಿಸಿ ಸೇರಿದರೆ 168, ಲೋಡನ್ನು ಎರಡಕ್ಕೂ ಸಮ ಹಂಚಿದರೆ ಲೆಕ್ಕ ಕೂತಿತು. 100ರ ಟಿಸಿ ಒಂದೇ ಆದರೆ 133. ಆಗಲೂ ಸಾಲಲ್ಲ, ನೋಡಿ.

ಇನ್ನು ದೂರ. ನಿಮ್ಮ ಕೊನೆಯ ಐದು ಮೋಟಾರಿಗೆ 60 ಆಂಪ್ ಅಂತ ಇಟ್ಟುಕೊಳ್ಳೋಣ. ರ‍್ಯಾಬಿಟ್ ಅನ್ನುವ ಅಲ್ಯೂಮಿನಿಯಂ ಲೈನ್ ತಂತಿಯಲ್ಲಿ 900 ಮೀಟರ್ ಬರುವಷ್ಟರಲ್ಲಿ ಫೇಸ್ ಫೇಸ್ ನಡುವೆ 60 ವೋಲ್ಟ್ ಆಸುಪಾಸು ತಂತಿಯಲ್ಲೇ ಹೋಗುತ್ತದೆ. ಟಿಸಿ ಬುಡದಲ್ಲಿ 400 ಇದ್ದರೆ ನಿಮ್ಮ ಪ್ಯಾನೆಲ್‌ನಲ್ಲಿ 340. ನೀವು ಬರೆದದ್ದೂ ಅದೇ ತಾನೆ? ಟಿಸಿ ಎಷ್ಟೇ ದೊಡ್ಡದಾದರೂ ಈ 60 ವೋಲ್ಟ್ ವಾಪಸ್ ಬರಲ್ಲ. ವೋಲ್ಟೇಜು ಕಮ್ಮಿಯಾದರೆ ಮೋಟಾರು ಆಂಪ್ ಜಾಸ್ತಿ ಎಳೆಯುತ್ತದೆ. 13 ಎಳೆಯಬೇಕಾದ್ದು 16 ಎಳೆದರೆ ವೈಂಡಿಂಗಿನ ಬಿಸಿ ಒಂದೂವರೆ ಪಟ್ಟು. ನನ್ನ ಅಂಗಡಿಗೆ ಬಂದ ಮೋಟಾರುಗಳಲ್ಲಿ ಮೂರೂ ಫೇಸ್ ಒಂದೇ ಸಮ ಕಪ್ಪಾಗಿದ್ದರೆ ಕೇಳುವುದೇ ಬೇಡವಾಗಿತ್ತು, ಅದು ಲೈನಿನ ಕೊನೆಯ ಬೋರು. ಎರಡು ಫೇಸ್ ಕಪ್ಪು, ಒಂದು ಹೊಸದರಂತಿದ್ದರೆ ಎಲ್ಲೋ ಒಂದು ಫ್ಯೂಸು ಹೋಗಿ ಎರಡೇ ಫೇಸಿನಲ್ಲಿ ಓಡಿದೆ ಅಂತ.

ಅದೇ ಎಚ್‌ಟಿ (11 ಕೆವಿಯ, ಹೆಚ್ಚಿನ ವೋಲ್ಟೇಜಿನ) ಲೈನನ್ನು ನಿಮ್ಮ ಕಡೆಗೆ ಎಳೆದರೆ? ಎಲ್‌ಟಿಯಲ್ಲಿ 60 ಆಂಪ್ ಹೋಗುವ ಕಡೆ 11 ಕೆವಿಯಲ್ಲಿ 2.4 ಆಂಪ್ ಸಾಕು. ತಂತಿಯಲ್ಲಿ ಹೋಗುವುದು ಲೆಕ್ಕಕ್ಕೇ ಇಲ್ಲ. ಟಿಸಿ ಬೋರುಗಳ ಹತ್ತಿರ ಇರಬೇಕು ಅನ್ನುವುದು ಇದಕ್ಕೇ.

ಜಾಗದ ವಿಚಾರ. ನಿಮ್ಮ ತಮ್ಮ ಹೇಳುವುದರಲ್ಲಿ ಅರ್ಥ ಇದೆ, ಮನೆಗೆ ವೋಲ್ಟೇಜು ಚೆನ್ನಾಗಿ ಸಿಗುತ್ತದೆ. ಆದರೆ ಟಿಸಿ ಒಳಗೆ ನೂರು ಲೀಟರ್ ಆಸುಪಾಸು ಎಣ್ಣೆ ಇರುತ್ತದೆ. ಒಳಗೆ ಶಾರ್ಟ್ ಆದರೆ ಅದು ಸುಮ್ನೆ ಸೋರಲ್ಲ, ಉರಿಯುತ್ತಾ ಎರಚುತ್ತದೆ. 2022ರ ಮಾರ್ಚ್‌ನಲ್ಲಿ ಬೆಂಗಳೂರಿನ ಜ್ಞಾನಭಾರತಿ ಕಡೆ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಸಿಡಿದು, ಪಕ್ಕದಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಅಪ್ಪ ಮಗಳು ಸುಟ್ಟ ಗಾಯದಿಂದ ತೀರಿಕೊಂಡರು. ಅವರು ಅಲ್ಲಿ ನಿಂತಿರಲೂ ಇಲ್ಲ. ನಿಮ್ಮದು ದಿನವಿಡೀ ಮಕ್ಕಳು ಓಡಾಡುವ ಮನೆ. ನಿಯಮದ ಪ್ರಕಾರ 11 ಕೆವಿ ತಂತಿ ಕಟ್ಟಡದಿಂದ ಅಡ್ಡಕ್ಕೆ 1.2 ಮೀಟರ್, ಮಾಳಿಗೆಯಿಂದ ಮೇಲಕ್ಕೆ 3.7 ಮೀಟರ್ ದೂರ ಇರಬೇಕು. ಅದು ತಂತಿಗೆ ಬಿಡುವ ಕನಿಷ್ಠ ದೂರ. ಟಿಸಿಗೆ ನಾನಾದರೆ ಮನೆ, ಕೊಟ್ಟಿಗೆ, ಹುಲ್ಲಿನ ಬಣವೆಯಿಂದ 15 ಮೀಟರಾದರೂ ಬಿಡುತ್ತೇನೆ. ಮುಂದೆ ಮಾಳಿಗೆ ಮೇಲೆ ಇನ್ನೊಂದು ರೂಮು ಏರಿಸುವ ಯೋಚನೆ ಇದ್ದರೆ ಅದನ್ನೂ ಈಗಲೇ ಲೆಕ್ಕಕ್ಕೆ ತಗೊಳ್ಳಿ.

ಹೊಲದಲ್ಲಿ ಎಲ್ಲಿ? ನೀರು ನಿಲ್ಲದ ಎತ್ತರದ ಬದು, ಟ್ರ್ಯಾಕ್ಟರ್ ಮಳೆಗಾಲದಲ್ಲೂ ಹೋಗುವ ಜಾಗ. ತೆಂಗಿನ ಮರದ ಕೆಳಗೆ ಬೇಡ, ಒಂದು ಗರಿ ಬಿದ್ದರೆ ಸಾಕು. ಎಲ್ಲರೂ ಮರೆಯುವ ಇನ್ನೊಂದು ವಿಷಯ ಇದೆ. ಎಚ್‌ಟಿ ತಂತಿ ಯಾವ ಬೋರಿನ ಮೇಲೂ ಹಾದು ಹೋಗಬಾರದು. ಇವತ್ತಲ್ಲ ನಾಳೆ ಪಂಪು ಮೇಲೆತ್ತಬೇಕು. ಆಗ 20 ಅಡಿಯ ಜಿಐ ಪೈಪು ನೆಟ್ಟಗೆ ಎದ್ದು ನಿಲ್ಲುತ್ತದೆ, ಕೆಳಗೆ ನಾಲ್ಕು ಜನ ಅದನ್ನು ಹಿಡಿದುಕೊಂಡಿರುತ್ತಾರೆ. ಅಡಿಕೆ ಕೊಯ್ಲಿನ ದೋಟಿಯದೂ ಇದೇ ಕತೆ. ಅಲ್ಯೂಮಿನಿಯಂ ಬಿಡಿ, ಈಗ ಬರುವ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ. ಪ್ಲಾಸ್ಟಿಕ್ ಥರ ಕಾಣುತ್ತದೆ ಅಂತ ನಂಬಬೇಡಿ.

ಹಳೇ ಟಿಸಿ ಎರಡು ಸಲ ಸುಟ್ಟಿದ್ದಕ್ಕೆ ಓವರ್‌ಲೋಡ್ ಒಂದೇ ಕಾರಣ ಇರಲಿಕ್ಕಿಲ್ಲ. ಫ್ಯೂಸು ನೋಡಿ. ನಮ್ಮೂರಿನ ಟಿಸಿಯಲ್ಲಿ ಎಲ್‌ಟಿ ಫ್ಯೂಸಿನ ಜಾಗಕ್ಕೆ ಲೈನ್ ತಂತಿಯ ಒಂದು ಎಳೆ ಬಿಚ್ಚಿ ಸುತ್ತಿದ್ದರು. ಯಾರು ಅಂತ ಎಲ್ಲರಿಗೂ ಗೊತ್ತು, ಬಿಡಿ. ರ‍್ಯಾಬಿಟ್ ತಂತಿಯ ಎಳೆ 3.35 ಮಿಲಿಮೀಟರ್ ದಪ್ಪ. ಅದು ಕರಗಬೇಕಾದರೆ 350 ಆಂಪ್ ಆದರೂ ಬೇಕು. ಟಿಸಿಯ ತಾಕತ್ತು 84. ಅಂದಮೇಲೆ ಮೊದಲು ಕರಗುವುದು ಯಾವುದು ಹೇಳಿ. ಪದೇ ಪದೇ ಫ್ಯೂಸು ಹೋಗುತ್ತದೆ ಅಂತ ದಪ್ಪ ತಂತಿ ಹಾಕುತ್ತಾರೆ. ಹೋಗುವುದೇ ಅದರ ಕೆಲಸ ಅಲ್ವಾ?

ಆಮೇಲೆ ಅರ್ಥಿಂಗ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಎಮ್ಮೆ ಟಿಸಿ ಕಂಬದ ಸುತ್ತ ಎಷ್ಟೇ ಹುಲ್ಲಿದ್ದರೂ ಹತ್ತು ಹೆಜ್ಜೆ ದೂರವೇ ನಿಂತುಬಿಡುತ್ತಿತ್ತು. ಮುಂಗಾರು ಶುರುವಾದ ಮೇಲಂತೂ ಆ ಕಡೆ ಮುಖವೇ ಹಾಕುತ್ತಿರಲಿಲ್ಲ. ಒಂದು ದಿನ ಲೈನ್‌ಮ್ಯಾನ್ ಬಂದಾಗ ತೋರಿಸಿದೆ. ಅವರು ಲೈನ್ ಆಫ್ ಮಾಡಿಸಿ ಬುಡ ಕೆದರಿದರೆ, ನ್ಯೂಟ್ರಲ್‌ನಿಂದ ಇಳಿದ ಜಿಐ ಪಟ್ಟಿ ನೆಲದ ಮಟ್ಟದಲ್ಲಿ ತುಕ್ಕು ಹಿಡಿದು ಹಪ್ಪಳದಂತಾಗಿತ್ತು. ಬೆರಳಲ್ಲಿ ಮುರಿದರು. ಮೇಲಿಂದ ನೋಡಿದರೆ ಪಟ್ಟಿ ಗಟ್ಟಿಯಾಗಿಯೇ ಇತ್ತು. ದನಕ್ಕೆ ಮುಂಗಾಲು ಹಿಂಗಾಲಿನ ನಡುವೆ ಅಂತರ ಜಾಸ್ತಿ, ಹಾಗಾಗಿ ನೆಲದ ಕರೆಂಟು ನಮಗಿಂತ ಮೊದಲು ಅದಕ್ಕೆ ತಿಳಿಯುತ್ತದೆ. ಟಿಸಿಗೆ ಒಂದೇ ಅರ್ಥ್ ಸಾಲಲ್ಲ. ನ್ಯೂಟ್ರಲ್‌ಗೆ ಬೇರೆ, ಟಿಸಿಯ ಟ್ಯಾಂಕಿಗೆ ಬೇರೆ, ಸಿಡಿಲು ತಡೆಯುವ ಎಲ್‌ಎಗೆ ಬೇರೆ ಇಳಿಸಿರಬೇಕು. ನಿಮ್ಮ ಹೊಸ ಟಿಸಿಗೆ ಗುಂಡಿ ತೆಗೆಯುವ ದಿನ ಅಲ್ಲೇ ಇರಿ. ಪೈಪು ಪೂರ್ತಿ ಇಳಿಯಿತೇ, ಇದ್ದಿಲು ಉಪ್ಪು ಬಿತ್ತೇ ಅಂತ ನೋಡಿ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಬೀಳುವಂತೆ ನೋಡಿಕೊಳ್ಳಿ. ನ್ಯೂಟ್ರಲ್ ಕಡಿದರೆ ಮನೆಗಳಿಗೆ 230ರ ಬದಲು 300ರ ಮೇಲೆ ಹೋಗಿ ಟಿವಿ, ಬಲ್ಬು ಎಲ್ಲ ಒಟ್ಟಿಗೆ ಹೋಗುತ್ತವೆ. ದನವನ್ನು ಸ್ಟೇ ತಂತಿಗೆ, ಕಂಬಕ್ಕೆ ಯಾವತ್ತೂ ಕಟ್ಟಬೇಡಿ.

ನೆಲದ ಮೇಲೆ ನಿಂತೇ ನೋಡಬಹುದಾದ್ದು ಬಹಳ ಇದೆ. ಬುಶಿಂಗ್ (ತಂತಿ ಟಿಸಿ ಒಳಗೆ ಹೋಗುವ ಪಿಂಗಾಣಿ) ಬುಡದಲ್ಲಿ ಎಣ್ಣೆ ಜಿನುಗಿ ಧೂಳು ಮೆತ್ತಿದೆಯಾ? ಟಿಸಿ ಉಸಿರಾಡುವ ಬ್ರೀದರ್ ಇದ್ದರೆ ಅದರೊಳಗಿನ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದೆಯಾ? ತಿರುಗಿದ್ದರೆ ಹರಳು ತೇವ ಹೀರಿ ಮುಗಿದಿದೆ, ಇನ್ನು ತೇವ ಎಣ್ಣೆಗೇ ಇಳಿಯುತ್ತದೆ. ಕತ್ತಲಾದ ಮೇಲೆ ಮೋಟಾರುಗಳು ಓಡುವಾಗ ದೂರದಿಂದ ನೋಡಿ. ಎಲ್‌ಟಿ ತಂತಿ ಬಿಗಿಯುವ ಲಗ್ ಸಡಿಲ ಇದ್ದರೆ ಕೆಂಡದ ಹಾಗೆ ಕಾಣುತ್ತದೆ. ಫೋಟೋ ತೆಗೆದು ಸೆಕ್ಷನ್ ಆಫೀಸಿಗೆ ಕಳಿಸಿ.

ಹತ್ತಲು ಮಾತ್ರ ಹೋಗಬೇಡಿ. ಜಿಓಎಸ್ (ಕಂಬದ ಮೇಲಿನ 11 ಕೆವಿ ಸ್ವಿಚ್ಚು) ಹ್ಯಾಂಡಲ್ ಕೆಳಗೆಳೆದಿದ್ದೇನೆ ಅಂತ ಹತ್ತಿದವರೇ ಸತ್ತಿರುವುದು. ಮೂರು ಬ್ಲೇಡಿನಲ್ಲಿ ಒಂದು ತುಕ್ಕಿಗೆ ಅಂಟಿಕೊಂಡಿರುತ್ತದೆ, ಎರಡು ಮಾತ್ರ ಬಿಟ್ಟಿರುತ್ತವೆ. ಯಾರಾದರೂ ಜನರೇಟರ್ ಹಾಕಿದ್ದರೆ ಕರೆಂಟು ಕೆಳಗಿನಿಂದಲೂ ಬರುತ್ತದೆ. ಟಿಸಿ ಅದನ್ನು ಹಿಂದಕ್ಕೆ 11 ಕೆವಿಗೆ ಏರಿಸುತ್ತದೆ.

ಆರ್‌ಆರ್ ನಂಬರ್ ಇಲ್ಲದೆ ಓಡುವ ಐದು ಮೋಟಾರನ್ನು ಸಕ್ರಮ ಮಾಡಿಸಿ, ಉಳಿದವರೂ ನಿಜವಾದ ಎಚ್‌ಪಿ ಬರೆಸಲಿ. 10 ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟು ಉಚಿತವೇ, ತಿಂಗಳ ಬಿಲ್ಲಿನ ಭಯ ಇಲ್ಲ. ಫೈಲಿನಲ್ಲಿ 81 ಆಂಪ್ ಅಂತಲೇ ಇದ್ದರೆ ಎರಡನೇ ಟಿಸಿ ಯಾಕೆ ಅಂತ ಮೇಲಿನವರು ಕೇಳುತ್ತಾರೆ, ಆಗ ಕೆಳಗಿನವರ ಬಳಿ ಉತ್ತರ ಇರಲ್ಲ. ಮತ್ತೆ ಸುಟ್ಟರೆ ಕರೆಂಟು ಕಂಪನಿಯ ಸಹಾಯವಾಣಿ 1912ಕ್ಕೆ ಹೇಳಿ ದೂರಿನ ನಂಬರ್ ಬರೆದುಕೊಳ್ಳಿ. ಹಳ್ಳಿ ಕಡೆ 72 ಗಂಟೆಯೊಳಗೆ ಬದಲಿಸಬೇಕು ಅಂತ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ನಿಯಮ ಇದೆ. ನಾವು ಒಂದು ಸಲ ನಂಬರ್ ಇಲ್ಲದೆ ಬರೀ ಬಾಯಲ್ಲಿ ಹೇಳಿ ಹನ್ನೊಂದು ದಿನ ಕಾದೆವು, ಟ್ರ್ಯಾಕ್ಟರೂ ನಾವೇ ಕಳಿಸಿದೆವು.

ಹೊಸ ಟಿಸಿ ಬಂದ ದಿನ ನೇಮ್‌ಪ್ಲೇಟಿನ ಫೋಟೋ ತೆಗೆಯಿರಿ, ರಿಪೇರಿ ಆಗಿ ಬಂದದ್ದೋ ಹೊಸದೋ ಕೇಳಿ. ಚಾರ್ಜ್ ಮಾಡುವಾಗ ಎಲ್ಲ ಸ್ಟಾರ್ಟರೂ ಆಫ್ ಇರಲಿ. ಲೋಡ್ ಇಲ್ಲದೆ ಮೂರೂ ಫೇಸ್ ಸಮ ತೋರಿಸಬೇಕು, 430ರ ಹತ್ತಿರ. ಆಮೇಲೆ ಒಂದೊಂದಾಗಿ ಮೋಟಾರು ಹಾಕಿ, ಲೈನ್‌ಮ್ಯಾನ್ ಹತ್ತಿರ ತಂತಿಗೆ ಸುತ್ತ ಹಿಡಿದು ಅಳೆಯುವ ಟಾಂಗ್ ಟೆಸ್ಟರ್ ಇದ್ದರೆ ಆಂಪ್ ಓದಿಸಿ.

ಬುಧವಾರ ಜಾಗ ನೋಡಲು ಬರುತ್ತಾರೆ ಅಂದಿದ್ದೀರಿ. ಅಷ್ಟರಲ್ಲಿ ಒಂದು ಕಾಗದದ ಮೇಲೆ 14 ಬೋರು, ಈಗಿನ ಕಂಬಗಳು, ಮನೆ, ದಾರಿ ಎಲ್ಲಿವೆ ಅಂತ ಗೀಚಿ ಇಲ್ಲಿ ಫೋಟೋ ಹಾಕಿ. ಯಾವ ಬದುವಿನ ಮೇಲೆ ಕೂರಿಸಿದರೆ ಒಳ್ಳೆಯದು ಅಂತ ಕೂತು ನೋಡೋಣ.