ಎರರ್ ಬಂದಾಗ ಮಾತಾಡುತ್ತಿರುವುದು ಯಾರು?

ಪ್ರಶ್ನೆ: ನಮ್ಮದು ಹುಲೇಕಲ್ ಕಡೆಯ ಹಳ್ಳಿ, ಅಡಿಕೆ ತೋಟ. ಒಂದು ಸರ್ಕಾರಿ ಅರ್ಜಿ ತುಂಬಲು ಕೂತರೆ ವೆಬ್‌ಸೈಟ್ ತೆರೆಯಲಿಲ್ಲ. ‘503’ ಎಂದು ಬಂತು, ಕೆಳಗೆ ನೀಲಿ ಅಕ್ಷರದ ಲಿಂಕ್. ಅದನ್ನು ಒತ್ತಲಿಲ್ಲ. ಆಮೇಲೊಂದು ದಿನ ಅಡಿಕೆ ಧಾರಣೆ ಹಾಕುವ ಇನ್ನೊಂದು ಸೈಟಿನಲ್ಲಿ ‘ಪುಟ ತೋರಿಸಲು ತೊಂದರೆ, ಸರಿಪಡಿಸಲು ಇಲ್ಲಿ ಒತ್ತಿ’ ಎಂದು ಬಂತು. ಒತ್ತಿದೆ. ವಿಂಡೋಸ್ ಮತ್ತು ಆರ್ ಕೀ ಒಟ್ಟಿಗೆ ಒತ್ತಿ, ನಂತರ ಕಂಟ್ರೋಲ್ ವಿ, ನಂತರ ಎಂಟರ್ ಎಂದಿತು. ಗಾಬರಿಯಾಗಿ ಎಲ್ಲ ಮುಚ್ಚಿದೆ. ಬೆಂಗಳೂರಿನಲ್ಲಿರುವ ಮಗ ‘ಅಪ್ಪಯ್ಯ, ಎರರ್ ಬಂದರೆ ಯಾವ ಲಿಂಕನ್ನೂ ಮುಟ್ಟಬೇಡ’ ಅನ್ನುತ್ತಾನೆ. ಅಷ್ಟು ಹೆದರಬೇಕಾ?
– ಹೆಸರು ಬೇಡ ಎಂದ ಓದುಗರು, ಶಿರಸಿ

ಉತ್ತರ: ಕೀ ಒತ್ತದೆ ಮುಚ್ಚಿದಿರಲ್ಲ, ಬಚಾವಾದಿರಿ. ಎರಡನೆಯದರ ವಿಷಯ ಮೊದಲು ಹೇಳುತ್ತೇನೆ, ಅಪಾಯ ಇದ್ದದ್ದು ಅದರಲ್ಲೇ.

ವಿಂಡೋಸ್ ಮತ್ತು ಆರ್ ಒತ್ತಿದರೆ ‘ರನ್’ ಎಂಬ ಸಣ್ಣ ಪೆಟ್ಟಿಗೆ ತೆರೆಯುತ್ತದೆ. ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಕೊಡುವ ಜಾಗ ಅದು. ನೀವು ‘ಸರಿಪಡಿಸಲು’ ಎಂದಿದ್ದನ್ನು ಒತ್ತಿದಾಗಲೇ ಆ ಪುಟ ಒಂದು ಆಜ್ಞೆಯನ್ನು ನಿಮಗೆ ಗೊತ್ತಾಗದ ಹಾಗೆ ಕಾಪಿ ಮಾಡಿಟ್ಟಿರುತ್ತದೆ. ಕಂಟ್ರೋಲ್ ವಿ ಒತ್ತಿದರೆ ಅದು ಪೆಟ್ಟಿಗೆಯೊಳಗೆ ಬಂದು ಕೂರುತ್ತದೆ. ಎಂಟರ್ ಒತ್ತಿದರೆ ಕೆಲಸ ಶುರು. ಎಲ್ಲಿಂದಲೋ ಒಂದು ಪ್ರೋಗ್ರಾಂ ಇಳಿದು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೆಲ್ಲ ಬಾಚಿಕೊಂಡು ಹೋಗಬಹುದು. ಈ ಮೋಸಕ್ಕೆ ‘ಕ್ಲಿಕ್‌ಫಿಕ್ಸ್’ ಎನ್ನುತ್ತಾರೆ, 2024ರಿಂದ ಹಾವಳಿ ಜಾಸ್ತಿ. ಕೆಲವೊಮ್ಮೆ ‘ನಾನು ರೋಬೋಟ್ ಅಲ್ಲ’ ಎಂಬ ಪರೀಕ್ಷೆಯ ವೇಷದಲ್ಲೂ ಬರುತ್ತದೆ. ಕೀ ಒತ್ತುವುದು ನೀವೇ ಆದ್ದರಿಂದ ಬ್ರೌಸರಿಗೆ ತಡೆಯಲು ಕಷ್ಟ. ಕಳ್ಳನಿಗೆ ಬೇಕಾದದ್ದೂ ಅದೇ, ನಿಮ್ಮ ಕೈಯಿಂದಲೇ ಬಾಗಿಲು ತೆಗೆಸುವುದು.

ಹಾಗಂತ ಆ ಧಾರಣೆ ಸೈಟಿನವರು ಕಳ್ಳರು ಎಂದು ತಿಳಿಯಬೇಡಿ. ಸಣ್ಣ ಸೈಟುಗಳ ಹಳೆಯ ಸಾಫ್ಟ್‌ವೇರ್ ಅಪ್‌ಡೇಟ್ ಆಗದೆ ಉಳಿದಿರುತ್ತದೆ, ಹೊರಗಿನವರು ಒಳಗೆ ನುಗ್ಗಿ ಇಂಥ ಪುಟ ತೂರಿಸುತ್ತಾರೆ. ನಡೆಸುವವರಿಗೇ ಸುದ್ದಿ ಇರುವುದಿಲ್ಲ. ‘ದಿನಾ ನೋಡುವ ಸೈಟು, ಅದರಲ್ಲಿ ಬಂದದ್ದೆಲ್ಲ ಸರಿ’ ಎಂಬ ಲೆಕ್ಕ ಅದಕ್ಕೇ ತಪ್ಪುವುದು. ಅವರ ಪರಿಚಯ ಇದ್ದರೆ ಒಂದು ಫೋನ್ ಮಾಡಿ ತಿಳಿಸಿ, ಪಾಪ.

ಈಗ ಆ 503. ಈ ಸಂಖ್ಯೆಗಳಿಗೆ ಅರ್ಥ ಇದೆ. ನಾಲ್ಕರಿಂದ ಶುರುವಾದರೆ ಕೇಳಿದ್ದರಲ್ಲಿ ಏನೋ ಎಡವಟ್ಟು. 404 ಅಂದರೆ ನೀವು ಕೇಳಿದ ಪುಟ ಅಲ್ಲಿಲ್ಲ. ಐದರಿಂದ ಶುರುವಾದರೆ ತೊಂದರೆ ಅವರ ಸರ್ವರ್ ಕಡೆ, ಅಂದರೆ ಸೈಟನ್ನು ಇಟ್ಟಿರುವ ಕಂಪ್ಯೂಟರಿನ ಕಡೆ. 503 ಎಂದರೆ ಸರ್ವರಿಗೆ ಸದ್ಯ ಬಿಡುವಿಲ್ಲ, ಇಲ್ಲವೇ ರಿಪೇರಿ ನಡೆದಿದೆ. 502, 504 ಬಂದರೆ ನಡುವಿನ ಯಂತ್ರಕ್ಕೆ ಹಿಂದಿನ ಯಂತ್ರದಿಂದ ಸರಿಯಾದ ಉತ್ತರ ಸಿಕ್ಕಿಲ್ಲ. ಇದರಲ್ಲಿ ನಿಮಗೆ ಬೇಕಾದ ಮಾತು ಒಂದೇ. ಐದರ ಎರರನ್ನು ನಿಮ್ಮ ಮನೆಯಲ್ಲಿ ಕೂತು ಸರಿ ಮಾಡಲು ಆಗುವುದೇ ಇಲ್ಲ. ‘ಇದನ್ನು ಇನ್‌ಸ್ಟಾಲ್ ಮಾಡಿ, 503 ಸರಿಯಾಗುತ್ತದೆ’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

ಕೆಳಗಿದ್ದ ಲಿಂಕ್? ಬಹುಶಃ ನಿಜದ್ದೇ. ಎಷ್ಟೋ ಸೈಟುಗಳು ನಮಗೂ ಅವರ ಸರ್ವರಿಗೂ ನಡುವೆ ನಿಲ್ಲುವ ಕ್ಲೌಡ್‌ಫ್ಲೇರ್‌ನಂಥ ಕಂಪನಿಯ ಮೂಲಕ ಬರುತ್ತವೆ, ಎರರ್ ಪುಟದಲ್ಲಿ ಆ ಕಂಪನಿಯ ಹೆಸರು, ‘ರೇ ಐಡಿ’ ಎಂಬ ಉದ್ದನೆಯ ಗುರುತು, ಒಂದು ಲಿಂಕ್ ಇರುತ್ತವೆ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರೇ ಎಡವಿದಾಗ ಎಕ್ಸ್, ಚಾಟ್‌ಜಿಪಿಟಿ ಎಲ್ಲ ಕೈಕೊಟ್ಟವು. ‘ನನ್ನ ಲ್ಯಾಪ್‌ಟಾಪಿಗೆ ವೈರಸ್ ಬಂತಾ’ ಎಂದು ನನ್ನ ಅಂಗಡಿಗೂ ಫೋನು ಬಂತು. ಆದರೆ ಲಿಂಕ್ ನಿಜದ್ದಾದರೂ ಒತ್ತಿ ನಿಮಗೇನೂ ಸಿಗುವುದಿಲ್ಲ. ಅರ್ಜಿಯಂತೂ ತೆರೆಯುವುದಿಲ್ಲ, ಅಲ್ವಾ? ಒಂದು ಗಂಟೆ ಬಿಟ್ಟು, ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ.

ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದರೆ ‘ರಸ್ತೆ ಬಂದ್, ಯಲ್ಲಾಪುರದ ಮೇಲೆ ಹೋಗಿ’ ಎಂದು ಬೋರ್ಡ್ ಹಾಕುತ್ತಾರೆ. ಬೋರ್ಡು ನಿಮ್ಮ ಗಾಡಿಯ ಕೀ ಕೇಳುವುದಿಲ್ಲ. ಎರರ್ ಪುಟವನ್ನೂ ಹೀಗೇ ನೋಡಿ. ಕಾಯಿರಿ, ಮತ್ತೆ ಪ್ರಯತ್ನಿಸಿ, ಮುಖಪುಟಕ್ಕೆ ಹೋಗಿ – ಇಷ್ಟು ಹೇಳಿದರೆ ಹೆದರಬೇಕಾಗಿಲ್ಲ. ಫೋನ್ ಮಾಡಿ, ಇನ್‌ಸ್ಟಾಲ್ ಮಾಡಿ, ಒಟಿಪಿ ಕೊಡಿ, ಈ ಕೀ ಒತ್ತಿ ಎಂದರೆ ಮುಚ್ಚಿ. ಪರದೆ ತುಂಬ ಕೆಂಪು, ಕಿವಿ ಕಿತ್ತುಹೋಗುವ ಸೈರನ್, ‘ವೈರಸ್ ಇದೆ, ಈ ನಂಬರಿಗೆ ಕರೆ ಮಾಡಿ’ ಎಂಬ ಪುಟವೂ ಅದೇ ಜಾತಿ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಆಮೇಲೆ ಆಲ್ಟ್ ಮತ್ತು ಎಫ್4. ಅದಕ್ಕೂ ಬಗ್ಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅಡ್ಡಿಯಿಲ್ಲ.

ಲಿಂಕ್ ಒತ್ತಲೇಬೇಕು ಅನ್ನಿಸಿದರೆ ಮೊದಲು ವಿಳಾಸ ಓದಿ. ಕಂಪ್ಯೂಟರಿನಲ್ಲಿ ಮೌಸ್ ಬಾಣ ಅದರ ಮೇಲಿಟ್ಟರೆ ಕೆಳಗಿನ ಮೂಲೆಯಲ್ಲಿ ಕಾಣುತ್ತದೆ, ಮೊಬೈಲಿನಲ್ಲಿ ಒತ್ತಿ ಹಿಡಿಯಬೇಕು. ಮೊದಲ ಒಂಟಿ ಓರೆಗೆರೆಯ (/) ತನಕದ ಭಾಗವನ್ನು ಹಿಂದಿನಿಂದ ಓದಿ, ಯಜಮಾನ ಇರುವುದು ಆ ತುದಿಯಲ್ಲಿ. ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಶುರುವಾಗಿ ಕೊನೆಗೆ ಇನ್ಯಾವುದೋ ‘ಡಾಟ್ ಕಾಮ್’ ಇದ್ದರೆ ಅದು ಸರ್ಕಾರದ್ದಲ್ಲ. ಬ್ಯಾಂಕಿನದು ಇನ್ನೂ ಸುಲಭ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು.

ಹಾಗಾಗಿ ನಿಮ್ಮ ಮಗನ ಮಾತು ಪೂರ್ತಿ ಸರಿಯಲ್ಲ. ಆದರೂ ನೂರಾರು ಕಿಲೋಮೀಟರ್ ದೂರ ಇರುವ ಮಗ ಫೋನಿನಲ್ಲಿ ಇಷ್ಟೆಲ್ಲ ವಿವರಿಸುವುದಕ್ಕಿಂತ ‘ಮುಟ್ಟಬೇಡ’ ಎಂದಿದ್ದೇ ಸಲೀಸು. ಬೈಯಬೇಡಿ.

ಆ ಎಂಟರ್ ಒತ್ತಿಬಿಟ್ಟ ಓದುಗರು ಯಾರಾದರೂ ಇದ್ದರೆ ಕೂಡಲೇ ಇಂಟರ್ನೆಟ್ ಕಳಚಿ. ಬೇರೆ ಫೋನಿನಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ.

ಪ್ರಶ್ನೆ: ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಯಾವ ಸೈಟ್ ತೆರೆದರೂ ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’ ಎಂದು ಬರುತ್ತದೆ. ಮೊಬೈಲಿನಲ್ಲಿ ಸರಿ ಇದೆ. ಇದೂ ಮೋಸವೇ?
– ಗೃಹಿಣಿ, ಕುಮಟಾ

ಉತ್ತರ: ಅಲ್ಲ ಅಕ್ಕಾ, ಇದು ಬ್ರೌಸರಿನದೇ ಮಾತು. ಪರದೆಯ ಮೂಲೆಯಲ್ಲಿ ತಾರೀಕು ನೋಡಿ, ಎಷ್ಟೋ ವರ್ಷ ಹಿಂದಕ್ಕೆ ಹೋಗಿರಬೇಕು. ಸೈಟಿನ ಗುರುತುಪತ್ರಕ್ಕೆ ಅವಧಿ ಇರುತ್ತದೆ, ತಾರೀಕು ತಪ್ಪಿದರೆ ಬ್ರೌಸರ್ ಅದನ್ನು ಒಪ್ಪುವುದಿಲ್ಲ. ತಾರೀಕು ಸರಿ ಮಾಡಿ. ಕರೆಂಟ್ ಹೋಗಿ ಬಂದಾಗೆಲ್ಲ ಮತ್ತೆ ಹಿಂದಕ್ಕೆ ಹೋಗುತ್ತಿದ್ದರೆ ಗಡಿಯಾರವನ್ನು ನಡೆಸುವ ಒಳಗಿನ ಸಿಎಂಒಎಸ್ ಬ್ಯಾಟರಿ ಮುಗಿದಿದೆ. ಹೆಚ್ಚಿನ ಕಂಪ್ಯೂಟರಿಗೆ ಸಿಆರ್2032 ಎಂಬ ನಾಣ್ಯದಂಥ ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ತಾರೀಕು ಸರಿ ಇದ್ದೂ ಬ್ಯಾಂಕಿನ ಸೈಟಿನಲ್ಲಿ ಈ ಮಾತು ಬಂದರೆ ಮಾತ್ರ ‘ಅಡ್ವಾನ್ಸ್ಡ್’ ಒತ್ತಿ ಮುಂದೆ ಹೋಗಬೇಡಿ.