ಎತ್ತಿಗೂ ಒಂದು ಸೋಮವಾರ ಇದೆ

ಓದುಗರ ಪತ್ರ

"ಸಂಪಾದಕರಿಗೆ ನಮಸ್ಕಾರ. ನಾನು ಕಲಬುರಗಿಯಲ್ಲಿ ಒಂಬತ್ತು ವರ್ಷದಿಂದ ರೊಟ್ಟಿ ಕೇಂದ್ರ ನಡೆಸುತ್ತಿದ್ದೇನೆ. ವಯಸ್ಸು 43. ಏಳು ಮಂದಿ ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ. ದಿನಕ್ಕೆ 1,500 ರೊಟ್ಟಿ ಹಾಸ್ಟೆಲ್, ಖಾನಾವಳಿಗಳಿಗೆ ಹೋಗುತ್ತದೆ. ಒಂದಕ್ಕೆ 7 ರೂಪಾಯಿ. ಬೆಳಗಿನ 5ಕ್ಕೆ ಶಟರ್ ತೆಗೆದರೆ ಮುಚ್ಚೋದು ಸಂಜೆ 7ಕ್ಕೆ. ಹಿಟ್ಟು, ಗ್ಯಾಸ್, ಬಾಡಿಗೆ, 450 ರೂಪಾಯಿ ದಿನಗೂಲಿ ಎಲ್ಲ ಕಳೆದು ತಿಂಗಳಿಗೆ 24,000 ಉಳಿಯುತ್ತದೆ. ಕೆಲಸದವರು ಸರದಿ ಮೇಲೆ ವಾರಕ್ಕೊಂದು ರಜೆ ತೆಗೆದುಕೊಳ್ಳುತ್ತಾರೆ. ನನಗೆ ರಜೆ ಇಲ್ಲ. ಆರು ತಿಂಗಳಿಂದ ಬೆಳಗ್ಗೆ ಏಳೋಕೇ ಆಗುತ್ತಿಲ್ಲ. ಗಿರಾಕಿ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ಹೊಸ ಆರ್ಡರ್ ಬಂದರೆ ಸಿಟ್ಟು ಬರುತ್ತದೆ. ಮೊನ್ನೆ ಶೇಂಗಾ ಹಿಂಡಿಗೆ ಉಪ್ಪು ಜಾಸ್ತಿ ಆಯ್ತು ಅಂತ ಹಳೇ ಕೆಲಸದವಳ ಮೇಲೆ ರೇಗಿಬಿಟ್ಟೆ. ಅವಳು ಅತ್ತಳು, ನನಗೆ ಏನೂ ಅನ್ನಿಸಲಿಲ್ಲ. ಅದೇ ನನಗೆ ಹೆದರಿಕೆ. ಕಾಯಕವೇ ಕೈಲಾಸ ಅಂತ ಕೇಳುತ್ತಾ ಬೆಳೆದವಳು ನಾನು. ದಣಿದೆ ಅಂತ ಹೇಳಿಕೊಳ್ಳೋಕೆ ನಾಚಿಕೆ. ಕೇಂದ್ರ ಮುಚ್ಚಿಬಿಡಲಾ?"

ಸಂಪಾದಕರ ಉತ್ತರ

ತಂಗಿ, ನಿಮ್ಮ ಉದ್ದದ ಪತ್ರ, ಜೊತೆಗಿದ್ದ ಲೆಕ್ಕದ ವಹಿ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿವೆ. ಮೇಲೆ ಅಚ್ಚಾಗಿರುವುದು ಪತ್ರದ ಒಂದು ಭಾಗ ಮಾತ್ರ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಈಗಲೇ ಮುಚ್ಚಬೇಡಿ. ಇಷ್ಟು ದಣಿದಾಗ ಅಂಥ ದೊಡ್ಡ ತೀರ್ಮಾನ ತೆಗೆದುಕೊಳ್ಳಬಾರದು. ಮೂರು ತಿಂಗಳು ತಡೆಯಿರಿ. ಆ ಮೂರು ತಿಂಗಳಲ್ಲಿ ಏನು ಮಾಡಬಹುದು ಅನ್ನೋದೇ ಈ ಉತ್ತರ.

ಮೊದಲು ಡಾಕ್ಟರ್ ಹತ್ತಿರ ಹೋಗಿ. ರಕ್ತದ ಅಂಶ, ಥೈರಾಯ್ಡ್, ಸಕ್ಕರೆ, ಬಿಪಿ ನೋಡಿಸಿ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಏರುಪೇರಾದರೂ ಹೀಗೇ ಸುಸ್ತು ಇರುತ್ತದೆ. ಔಷಧಿಗೆ ಹೋಗುವ ಸುಸ್ತನ್ನು ಮನಸ್ಸಿನ ದೌರ್ಬಲ್ಯ ಅಂದುಕೊಂಡು ವರ್ಷಗಟ್ಟಲೆ ನರಳಿದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ನಿದ್ದೆ ಬರದೆ ಮನಸ್ಸಿಗೆ ತೀರಾ ಕತ್ತಲೆ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಸರಕಾರದ್ದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಮಾತಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನೀವು ಬರೆದ ಸ್ಥಿತಿಗೆ ಒಂದು ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ಪಟ್ಟಿಯನ್ನು ಹೊಸದು ಮಾಡಿದಾಗ ಬರ್ನೌಟ್ ಅನ್ನೋದನ್ನು ಅದರಲ್ಲಿ ವಿವರಿಸಿತು. ಅದನ್ನು ಕಾಯಿಲೆ ಅಂತ ಕರೆಯಲಿಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿ ಅಂತ ಕರೆಯಿತು. ಅದಕ್ಕೆ ಮೂರು ಗುರುತು. ಮೈಯಲ್ಲಿ ಶಕ್ತಿಯೇ ಉಳಿಯದಿರುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ಮೊದಲಿನ ಹಾಗೆ ಕೆಲಸ ಸಾಗದಿರುವುದು. ಏಳೋಕೆ ಆಗಲ್ಲ ಅಂದಿರಿ. ಆರ್ಡರ್ ಬಂದರೆ ಸಿಟ್ಟು ಅಂದಿರಿ. ಒಬ್ಬ ಹೆಣ್ಣುಮಗಳು ಎದುರಿಗೆ ಅತ್ತರೂ ಏನೂ ಅನ್ನಿಸಲಿಲ್ಲ ಅಂದಿರಿ. ನೀವು ಕಲ್ಲುಮನಸ್ಸಿನವರಾಗಿಲ್ಲ ತಂಗಿ. ಕಲ್ಲಾಗಿದ್ದರೆ ಅದಕ್ಕೆ ಹೆದರಿ ನನಗೆ ಪತ್ರ ಬರೆಯುತ್ತಿರಲಿಲ್ಲ.

ನೀವು ದಿನಕ್ಕೆ 14 ಗಂಟೆ, ವಾರಕ್ಕೆ 98 ಗಂಟೆ ದುಡಿಯುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಲೆಕ್ಕ ಹೊರಗೆ ಹಾಕಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಜಾಸ್ತಿ. ಹೆದರಿಸೋಕೆ ಹೇಳುತ್ತಿಲ್ಲ. "ಎಲ್ಲರೂ ದುಡೀತಾರೆ, ನಾನೇನು ಹೊಸಬಳಾ" ಅಂತ ನೀವು ಪತ್ರದ ಅಂಚಿನಲ್ಲಿ ಬರೆದಿದ್ದೀರಲ್ಲ, ಆ ಮಾತಿಗೆ ಹೇಳಿದೆ. ಎಲ್ಲರೂ ವಾರಕ್ಕೆ 98 ಗಂಟೆ ದುಡಿಯುವುದಿಲ್ಲ.

ಈಗ ನಿಮ್ಮ ವಹಿಗೆ ಬರುತ್ತೇನೆ. ನಾಲ್ಕು ದಿನ ನನ್ನನ್ನು ಕಾಡಿದ್ದು ಅದೇ.

ದಿನಕ್ಕೆ 14 ಗಂಟೆ ಅಂದರೆ ತಿಂಗಳಿಗೆ 420 ಗಂಟೆ. ಉಳಿಯುವುದು 24,000. ಭಾಗಿಸಿ ನೋಡಿ. ನಿಮ್ಮ ಒಂದು ಗಂಟೆಗೆ 57 ರೂಪಾಯಿ. ನಿಮ್ಮ ಹತ್ತಿರ ರೊಟ್ಟಿ ಬಡಿಯುವವರಿಗೆ ಎಂಟು ಗಂಟೆಗೆ 450, ಗಂಟೆಗೆ 56 ರೂಪಾಯಿ 25 ಪೈಸೆ. ವ್ಯತ್ಯಾಸ ಒಂದು ರೂಪಾಯಿಯೂ ಇಲ್ಲ. ಆ ಒಂದು ರೂಪಾಯಿಗೂ ಕಡಿಮೆ ದುಡ್ಡಿಗೆ ನೀವು ಉದ್ದರಿ ವಸೂಲಿ, ಸಿಲಿಂಡರ್ ಖಾಲಿಯಾಗುವ ಚಿಂತೆ, ಹಬ್ಬದ ಮುಂಗಡ, ಗಿರಾಕಿ ಬೈಗುಳ ಎಲ್ಲ ಹೊತ್ತಿದ್ದೀರಿ. ಅವರಿಗೆ ವಾರಕ್ಕೊಂದು ರಜೆ ಇದೆ, ಅದೂ ನಿಮಗಿಲ್ಲ.

ಹಿಟ್ಟಿಗೆ ಇಷ್ಟು, ಗ್ಯಾಸಿಗೆ ಇಷ್ಟು ಅಂತ ನೀವು ಚೊಕ್ಕ ಬರೆದಿಟ್ಟಿದ್ದೀರಿ. ನಿಮ್ಮ ಪಗಾರಕ್ಕೆ ಮಾತ್ರ ಆ ವಹಿಯಲ್ಲಿ ಒಂದು ಸಾಲೂ ಇಲ್ಲ. 7 ರೂಪಾಯಿಗೆ ರೊಟ್ಟಿ ಕೊಡೋಕೆ ಆಗುತ್ತಿರುವುದು ನಿಮ್ಮ ದುಡಿಮೆ ಪುಕ್ಕಟೆ ಇರೋದರಿಂದ. ಒಂಬತ್ತು ವರ್ಷದಿಂದ ಆ ಹಾಸ್ಟೆಲ್‌ಗಳ ಊಟಕ್ಕೆ ನೀವು ಮೈಯಿಂದ ಸಬ್ಸಿಡಿ ಕೊಡುತ್ತಿದ್ದೀರಿ. ಮೈ ಈಗ ಆಗಲ್ಲ ಅನ್ನುತ್ತಿದೆ, ಅಷ್ಟೆ.

ಒಂದು ರೊಟ್ಟಿಗೆ 50 ಪೈಸೆ ಏರಿಸಿ. ತಿಂಗಳಿಗೆ 45,000 ರೊಟ್ಟಿ, ಅಂದರೆ 22,500 ರೂಪಾಯಿ. ಬಡಿಯೋಕೆ ಇನ್ನೊಬ್ಬರನ್ನು ಇಟ್ಟುಕೊಂಡರೆ 26 ದಿನಕ್ಕೆ 11,700. ನೀವು ರೇಗಿದಿರಲ್ಲ, ಆ ಹಳೇ ಅಕ್ಕನಿಗೆ ಮೇಲ್ವಿಚಾರಣೆ ಕೊಟ್ಟು ತಿಂಗಳಿಗೆ 5,000 ಜಾಸ್ತಿ ಕೊಡಿ. ಆಮೇಲೂ 5,800 ನಿಮಗೇ ಉಳಿಯುತ್ತದೆ. ಗಿರಾಕಿ ಬಿಟ್ಟು ಹೋದರೆ ಅನ್ನುತ್ತೀರಿ, ಅಲ್ವಾ? ಈಗ ಒಂದು ರೊಟ್ಟಿಯಲ್ಲಿ ನಿಮಗೆ ಉಳಿಯುವುದು ಸುಮಾರು 53 ಪೈಸೆ. ದರ ಏರಿದರೆ ಒಂದು ರೂಪಾಯಿ ದಾಟುತ್ತದೆ. ಐವರಲ್ಲಿ ಒಬ್ಬ ಗಿರಾಕಿ ಹೋದರೂ, ಹಿಟ್ಟು, ಗ್ಯಾಸ್, ಕೂಲಿಯ ಖರ್ಚೂ ಅದೇ ಪ್ರಮಾಣದಲ್ಲಿ ಇಳಿದರೆ, ನಿಮ್ಮ ಉಳಿತಾಯ ಇವತ್ತಿಗಿಂತ ಕಡಿಮೆ ಆಗುವುದಿಲ್ಲ, ಬಡಿಯುವ ರೊಟ್ಟಿ ಮಾತ್ರ ಕಡಿಮೆಯಾಗುತ್ತದೆ. ಆಗ ಹೊಸಬರನ್ನು ಇಟ್ಟುಕೊಳ್ಳುವ ಅಗತ್ಯವೂ ಇರಲಿಕ್ಕಿಲ್ಲ.

14 ಗಂಟೆ ಯಾಕಾಗುತ್ತದೆ ಅಂತಲೂ ನೋಡಿದೆ. ಸಂಜೆ ಊಟಕ್ಕೆ ಎರಡು ಹಾಸ್ಟೆಲ್‌ಗಳಿಗೆ 300 ಮೆತ್ತನೆ ರೊಟ್ಟಿ. ಇಡೀ ದಿನವನ್ನು ಎಳೆಯುತ್ತಿರುವುದು ಆ 300 ರೊಟ್ಟಿ. ನಿಮಗೆ ಗೊತ್ತಿರದ್ದೇನಲ್ಲ, ಜೋಳದಲ್ಲಿ ಗೋಧಿಯ ಹಾಗೆ ಹಿಟ್ಟನ್ನು ಹಿಡಿದಿಡುವ ಅಂಟು, ಅಂದರೆ ಗ್ಲುಟೆನ್, ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು, ನಾದಿದ್ದನ್ನು ಆಗಿಂದಾಗಲೇ ಬಡಿಯಬೇಕು. ಬೆಳಗ್ಗೆ ಕಲಸಿದ ಹಿಟ್ಟು ಸಂಜೆಗೆ ಆಗುವುದಿಲ್ಲ. ಆದರೆ ಖಡಕ್ ರೊಟ್ಟಿ ಹಾಗಲ್ಲ. ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ನಮ್ಮ ಅಜ್ಜಿಯರು ಬುಟ್ಟಿ ತುಂಬಾ ಬಡಿದಿಟ್ಟು ಎರಡು ದಿನ ಒಲೆ ಬಿಟ್ಟು ಊರಿಗೆ ಹೋಗುತ್ತಿದ್ದರು. ಸಂಜೆ ಊಟಕ್ಕೆ ಖಡಕ್ ರೊಟ್ಟಿ ತೆಗೆದುಕೊಳ್ಳಿ ಅಂತ ಆ ಎರಡು ಹಾಸ್ಟೆಲ್‌ನವರಿಗೆ ಹೇಳಿ. ಮೆತ್ತಗಿನದ್ದೇ ಬೇಕು ಅಂದರೆ ಅದಕ್ಕೆ ಬೇರೆ ದರ. ಒಪ್ಪದಿದ್ದರೆ ಬಿಡಿ. ಮಧ್ಯಾಹ್ನ 2ಕ್ಕೆ ಒಲೆ ಆರಿಸಿದರೆ ನಿಮ್ಮ ಬದುಕಿಗೆ ದಿನಾ ಐದು ಗಂಟೆ ವಾಪಸ್ ಬರುತ್ತದೆ.

ಬೇಸಿಗೆಗೆ ಇದು ಇನ್ನೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನ್ ಕೆಳಗೆ ಕೂತವರಿಗೇ ಬಿಸಿಲು ತಡೆಯಲ್ಲ ಅಂತ ಸಮಯ ಬದಲಿಸುತ್ತಾರೆ. ಏಳು ಒಲೆಗಳ ಮುಂದೆ ನಿಂತವರಿಗೆ?

ಉದ್ದರಿಯ ಮಾತು. ಮೂರು ತಿಂಗಳಿಂದ ಬರಬೇಕಾದ ಬಾಕಿಗಾಗಿ ದಿನಾ ರಾತ್ರಿ ಫೋನ್ ಮಾಡಿ ಬೇಡಿಕೊಳ್ಳುತ್ತೀರಂತೆ. ರೊಟ್ಟಿ ಬಡಿಯುವುದಕ್ಕಿಂತ ಇದು ಜಾಸ್ತಿ ಸುಸ್ತು ಕೊಡುತ್ತದೆ. ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ, ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕ ಇಲ್ಲ. 2006ರ ಸಣ್ಣ ಉದ್ಯಮಗಳ ಕಾನೂನಿನ ಪ್ರಕಾರ ನಿಮ್ಮಂಥವರ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿ ಆದ ಮೇಲೆ ಕಳಿಸುವ ಮಾಲಿಗೆ ಇದು ಗಟ್ಟಿಯಾಗಿ ನಿಲ್ಲುತ್ತದೆ, ಆದ್ದರಿಂದ ಈ ವಾರವೇ ಮಾಡಿಸಿ. ಕೋರ್ಟು ಕಚೇರಿ ಅಂತ ಓಡಾಡಿ ಅನ್ನುತ್ತಿಲ್ಲ. ಬಿಲ್ಲಿನ ಕೆಳಗೆ ನೋಂದಣಿ ನಂಬರ್, "45 ದಿನದೊಳಗೆ" ಅಂತ ಒಂದು ಸಾಲು ಅಚ್ಚಾಗಿದ್ದರೆ ಲೆಕ್ಕ ನೋಡುವವರು ಆ ಬಿಲ್ಲನ್ನು ಮೇಲಕ್ಕೆ ಇಡುತ್ತಾರೆ. ಫೋನನ್ನು ವಾರಕ್ಕೆ ಒಂದೇ ದಿನ, ಒಂದೇ ಹೊತ್ತಿಗೆ ಮಾಡಿ. ರಾತ್ರಿ ಬೇಡ.

ಕಾಯಕದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮ್ಮ ನಾಚಿಕೆಯ ಬೇರು ಅಲ್ಲಿದೆ. ಕಾಯಕ ಅನ್ನೋ ಮಾತು ನಮ್ಮ ಪಕ್ಕದ ಬಸವಕಲ್ಯಾಣದ ಮಣ್ಣಿನದು. ಅದೇ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತೇ ಇರುತ್ತದೆ. ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ, ಇಷ್ಟು ನಮಗೆ ಯಾಕೆ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಅಂದಳು. ಇಷ್ಟು ಸಾಕು ಅನ್ನೋ ಅಳತೆಯೂ ಕಾಯಕದ ಒಳಗೇ ಇತ್ತು. ನಮಗೆ ಘೋಷಣೆ ಮಾತ್ರ ಉಳಿದಿದೆ, ಆ ಅಳತೆ ಕಳೆದುಹೋಗಿದೆ. ಬಂದ ಆರ್ಡರ್‌ಗೆಲ್ಲ ಹೂಂ ಅನ್ನುವುದು ಕಾಯಕ ಅಲ್ಲ ತಂಗಿ.

ಇನ್ನೊಂದು ನೋಡಿ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಹದ ಬಂದು ಬಿತ್ತನೆಗೆ ಎಷ್ಟೇ ಅವಸರ ಇದ್ದರೂ ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡದ ಮನೆಗಳಲ್ಲಿ ನಾನು ಬೆಳೆದೆ. ಎತ್ತು ಬಿದ್ದ ಮೇಲೆ ವಿಶ್ರಾಂತಿ ಕೊಡಬೇಕು ಅಂತ ಯಾರೂ ಕಾಯುತ್ತಿರಲಿಲ್ಲ. ವಾರ ಬಂತು, ನೊಗ ಇಳಿಯಿತು, ಅಷ್ಟೇ. ಅಂಗಡಿಗಳ ಕೆಲಸದವರಿಗೆ ವಾರದ ರಜೆ ಕೊಡಬೇಕು ಅಂತ ನಮ್ಮ ರಾಜ್ಯದಲ್ಲಿ 1961ರ ಕಾನೂನಿದೆ. ಮಾಲೀಕರಿಗೆ ರಜೆ ಕೊಡುವ ಕಾನೂನು ಇಲ್ಲ. ಅದನ್ನು ನೀವೇ ಕೊಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೆ ರಜೆ ಅಂತ ಇಟ್ಟುಕೊಂಡರೆ ಅದು ಯಾವತ್ತೂ ಬರುವುದಿಲ್ಲ. ರಜೆಯ ವಾರ ಮೊದಲೇ ಗೊತ್ತಿರಬೇಕು. ನಿಮ್ಮದೂ ಸೋಮವಾರವೇ ಇರಲಿ.

"ನಾನಿಲ್ಲದಿದ್ದರೆ ರುಚಿ ಕೆಡುತ್ತದೆ" ಅಂತ ಬರೆದಿದ್ದೀರಿ. ನಾನೂ ಹಾಗೇ ನಂಬಿದ್ದೆ. ಈ ಪತ್ರಿಕೆಯ ಮೊದಲ ಏಳು ವರ್ಷ ಒಂದು ಪುಟದ ಪ್ರೂಫನ್ನೂ ಯಾರ ಕೈಗೂ ಕೊಟ್ಟವನಲ್ಲ. ಒಂದು ಸಂಜೆ ಮಗಳು ಎದುರಿಗೆ ಕೂತು ಶಾಲೆಯ ಸುದ್ದಿ ಏನೋ ಹೇಳಿದಳು. ಪೂರ್ತಿ ಹೇಳಿ ಮುಗಿಸಿದ ಮೇಲೆ ಒಂದು ಮಾತೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಅವಳಿಗೆ ಅದು ಗೊತ್ತಾಯಿತು, ಸುಮ್ನೆ ಎದ್ದು ಹೋದಳು. ಆ ವಾರ ಒಬ್ಬ ಸಹೋದ್ಯೋಗಿಗೆ ಪ್ರೂಫ್ ಒಪ್ಪಿಸಿದೆ. ಮೊದಲ ಸಂಚಿಕೆಯಲ್ಲಿ ಮೂರು ತಪ್ಪು ಉಳಿದವು. ರಾತ್ರಿ ನಿದ್ದೆ ಬರಲಿಲ್ಲ. ಓದುಗರು ಯಾರೂ ಪತ್ರಿಕೆ ಬಿಡಲಿಲ್ಲ. ನಾಲ್ಕನೇ ಸಂಚಿಕೆಯಲ್ಲಿ ನನ್ನ ಕಣ್ಣಿಗೆ ಬೀಳದ ತಪ್ಪೊಂದನ್ನು ಆ ಸಹೋದ್ಯೋಗಿ ಹಿಡಿದರು. ನಿಮ್ಮ ಅಕ್ಕನ ಕೈಯಲ್ಲೂ ಮೊದಲ ತಿಂಗಳು ಒಂದೆರಡು ದಿನ ಉಪ್ಪು ಹೆಚ್ಚುಕಡಿಮೆ ಆಗುತ್ತದೆ. ಆಗಲಿ. ಹಿಂಡಿಯ ಅಳತೆ ನಿಮ್ಮ ಕೈಯಂದಾಜಿನಲ್ಲಿದೆ, ಅದನ್ನು ತಕ್ಕಡಿಯಲ್ಲಿ ತೂಗಿ ಗೋಡೆ ಮೇಲೆ ಬರೆಯಿರಿ. ಶೇಂಗಾ ಇಷ್ಟು, ಖಾರ ಇಷ್ಟು, ಉಪ್ಪು ಇಷ್ಟು. ಅಳತೆಯೇ ಇಲ್ಲದ ಕಡೆ ತಪ್ಪಿದ್ದಕ್ಕೆ ರೇಗಿದಿರಿ, ಆ ಅಕ್ಕನಿಗೆ ಒಂದು ಮಾತು ಹೇಳಿಬಿಡಿ. ನಿಮಗೂ ಹಗುರಾಗುತ್ತದೆ.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ, ಮದುವೆ ಸೀಸನ್‌ನಲ್ಲಿ ಕೆಲಸ ಏರುತ್ತದೆ, ಸಜ್ಜೆ ರೊಟ್ಟಿಗೆ ಜನ ಸಾಲು ನಿಲ್ಲುತ್ತಾರೆ. ಆಗ ದುಡಿಯಿರಿ, ಬೇಡ ಅನ್ನಲ್ಲ. ಆದರೆ ಹಬ್ಬದ ಮರುದಿನಕ್ಕೆ ಆರ್ಡರ್ ಹಿಡಿಯಬೇಡಿ.

ದರದ ಪತ್ರ ಬರೆಯೋಕೆ ಮನಸ್ಸು ಹಿಂಜರಿಯುತ್ತದೆ ಅಂತ ಗೊತ್ತು. ಅದಕ್ಕೇ ನಾನೇ ಬರೆದಿಟ್ಟಿದ್ದೇನೆ, ಹೀಗೇ ನಕಲು ಮಾಡಿ ಕಳಿಸಿ: "ನಮಸ್ಕಾರ. ಮುಂದಿನ ತಿಂಗಳ 1ನೇ ತಾರೀಖಿನಿಂದ ರೊಟ್ಟಿಯ ದರ 7 ರೂಪಾಯಿ 50 ಪೈಸೆ. ಮಧ್ಯಾಹ್ನ 2ರ ನಂತರ ಖಡಕ್ ರೊಟ್ಟಿ ಮಾತ್ರ ಸಿಗುತ್ತದೆ. ಸೋಮವಾರ ಏನೇ ಬೇಕಾದರೂ ನಮ್ಮ ಮೇಲ್ವಿಚಾರಕಿಗೆ ಫೋನ್ ಮಾಡಿ." ಕ್ಷಮಿಸಿ ಅನ್ನೋ ಮಾತು ಬೇಕಂತಲೇ ಹಾಕಿಲ್ಲ, ನೀವೂ ಸೇರಿಸಬೇಡಿ.

ಶಟರಿನ ಕೀಲಿಕೈ ಒಂದೇ ಇದೆ, ಅದು ನಿಮ್ಮ ಸೆರಗಿನ ಗಂಟಲ್ಲಿದೆ ಅಂತ ಬರೆದಿದ್ದೀರಿ. ಈ ಭಾನುವಾರದೊಳಗೆ ಇನ್ನೊಂದು ಮಾಡಿಸಿ ಆ ಅಕ್ಕನ ಕೈಗೆ ಕೊಡಿ. ಸೋಮವಾರ ಅವರೇ ತೆಗೆಯಲಿ.