ಹಸಿರು ಊಲಾಂಗ್, ಕಪ್ಪು ಊಲಾಂಗ್: ಹಾಳಾಗಿದ್ದು ಯಾವುದು?

ಪ್ರಶ್ನೆ: ಗೆಳತಿ ಎರಡು ಪೊಟ್ಟಣ ಊಲಾಂಗ್ ಟೀ ಕೊಟ್ಟಳು. ಒಂದರಲ್ಲಿ ಹಸಿರು ಉಂಡೆಗಳು, ಇನ್ನೊಂದರಲ್ಲಿ ಕಪ್ಪಗೆ ತಿರುಚಿದ ಎಲೆ. ಎರಡನ್ನೂ ಐದು ನಿಮಿಷ ಕುದಿಸಿದೆ. ಬರೀ ಒಗರು. ಇವು ಹಾಳಾಗಿವೆಯೇ?

ಉತ್ತರ: ಹಾಳಾಗಿಲ್ಲ, ಕುದಿಸಿದ್ದು ಜಾಸ್ತಿಯಾಯಿತು ಅಷ್ಟೇ.

ಗ್ರೀನ್ ಟೀ, ಬ್ಲ್ಯಾಕ್ ಟೀ, ಊಲಾಂಗ್ ಎಲ್ಲವೂ ಒಂದೇ ಜಾತಿಯ ಗಿಡದ ಎಲೆ. ಹೆಚ್ಚಿಟ್ಟ ಸೇಬಿನ ಹಾಗೆ, ಜಜ್ಜಿದ ಎಲೆಯೂ ಗಾಳಿ ತಾಗಿ ಕೆಂಪಾಗುತ್ತದೆ. ಗ್ರೀನ್ ಟೀಯಲ್ಲಿ ಎಲೆಗೆ ಬೇಗನೆ ಬಿಸಿ ಕೊಟ್ಟು ಇದನ್ನು ತಡೆಯುತ್ತಾರೆ. ಬ್ಲ್ಯಾಕ್ ಟೀಯಲ್ಲಿ ಪೂರ್ತಿ ಆಗಲು ಬಿಡುತ್ತಾರೆ. ಊಲಾಂಗ್‌ಗೆ ಬಾಡಿಸಿದ ಎಲೆಯನ್ನು ಮತ್ತೆ ಮತ್ತೆ ಕುಲುಕಿ ಅಂಚು ಕೆಂಪಾಗಿಸುತ್ತಾರೆ, ಆಮೇಲೆ ನಡುವಲ್ಲೇ ಬಿಸಿ ಕೊಟ್ಟು ನಿಲ್ಲಿಸುತ್ತಾರೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಮಾಡುವವರ ಕೈಚಳಕ. ಅದಕ್ಕೇ ಬಣ್ಣದಲ್ಲಿ ಇಷ್ಟು ವ್ಯತ್ಯಾಸ.

ನಿಮ್ಮ ಹಸಿರು ಉಂಡೆ ಚೀನಾದ ಅನ್‌ಶಿಯ ತ್ಯೆಗುವಾನ್‌ಯಿನ್ ಅಥವಾ ತೈವಾನ್‌ನ ಎತ್ತರದ ಬೆಟ್ಟಗಳ ಟೀ ಇರಬಹುದು. ಹೂವಿನ ಘಮ ಇದರ ಗುರುತು. ಕಪ್ಪಗಿರುವುದು ಚೀನಾದ ವುಯಿ ಬೆಟ್ಟದ್ದೇನೋ. ಅಲ್ಲಿ ಎಲೆಯನ್ನು ಇದ್ದಿಲ ಕೆಂಡದ ಮೇಲೆ ನಿಧಾನವಾಗಿ ಹುರಿಯುತ್ತಾರೆ. ತೈವಾನ್‌ನಲ್ಲಿ ಪುಟ್ಟ ಜಿಗಿಹುಳ ಕಚ್ಚಿದ ಎಲೆಯಿಂದಲೇ ಮಾಡುವ 'ಓರಿಯೆಂಟಲ್ ಬ್ಯೂಟಿ' ಅಂತ ಒಂದಿದೆ. ಕಚ್ಚಿದ್ದರಿಂದಲೇ ಅದಕ್ಕೆ ಜೇನಿನ ಪರಿಮಳ! ಸಿಕ್ಕರೆ ಬಿಡಬೇಡಿ.

ಇನ್ನು ಕುಡಿಯುವ ಬಗೆ. ಎಲೆ ಜಾಸ್ತಿ, ಹೊತ್ತು ಕಮ್ಮಿ. 100 ಮಿ.ಲೀ. ಹಿಡಿಯುವ ಮುಚ್ಚಳದ ಬಟ್ಟಲಿಗೆ 5 ಗ್ರಾಂ ಎಲೆ ಹಾಕಿ. ಕಪ್ಪು ಎಲೆಗೆ ಆಗಷ್ಟೇ ಕುದಿದ ನೀರು, ಹಸಿರಿಗೆ ಸುಮಾರು 90 ಡಿಗ್ರಿ. ಅರ್ಧ ನಿಮಿಷದೊಳಗೆ ಒಂದು ಹನಿಯೂ ಉಳಿಯದಂತೆ ಬಗ್ಗಿಸಿಕೊಳ್ಳಿ. ನೀರು ಉಳಿದರೆ ಮುಂದಿನ ಸುತ್ತು ಕಹಿ. ಅದೇ ಎಲೆಗೆ ಮತ್ತೆ ನೀರು ಹಾಕಿ, ಪ್ರತಿ ಸಲ ಕೆಲವು ಸೆಕೆಂಡು ಹೆಚ್ಚಿಸಿ. ಐದಾರು ಸುತ್ತು ಆರಾಮಾಗಿ ಬರುತ್ತದೆ. ಉಂಡೆ ಬಿಚ್ಚಿಕೊಳ್ಳುವುದು ಎರಡನೇ ಸುತ್ತಿಗೆ, ಹಾಗಾಗಿ ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ. ಖಾಲಿ ಬಟ್ಟಲಿನ ಮುಚ್ಚಳವನ್ನೂ ಒಮ್ಮೆ ಮೂಸಿ ನೋಡಿ, ಘಮ ಅಲ್ಲೇ ಕೂತಿರುತ್ತದೆ.

ಇಷ್ಟೆಲ್ಲ ಪುರುಸೊತ್ತಿಲ್ಲವೇ? 200 ಮಿ.ಲೀ. ಮಗ್‌ಗೆ 3 ಗ್ರಾಂ ಹಾಕಿ, ಮೂರು ನಿಮಿಷಕ್ಕೆ ಸೋಸಿಬಿಡಿ. ಹಾಲು ಮಾತ್ರ ಬೇಡ, ಘಮ ಮುಚ್ಚಿಹೋಗುತ್ತದೆ. ಇದರಲ್ಲೂ ಕೆಫೀನ್ ಇದೆ, ರಾತ್ರಿ ನಿದ್ದೆ ಬೇಕಿದ್ದರೆ ಸಂಜೆ ಕುಡಿಯಬೇಡಿ.

ಪೊಟ್ಟಣಗಳನ್ನು ಗಾಳಿ, ಬೆಳಕು ತಾಗದ ಡಬ್ಬಿಯಲ್ಲಿಡಿ. ಹಸಿರಿನ ಘಮ ಬೇಗ ಹೋಗುತ್ತದೆ, ಮೊದಲು ಅದನ್ನೇ ಮುಗಿಸಿ.